ಕೆಎಚ್‌ಟಿಎಂಎಲ್ ಸಂತತಿ: ಬ್ರೌಸರ್ ಎಂಜಿನ್ನೊಂದು ಕೈಬದಲಾದ ಇತಿಹಾಸ

ಬ್ರೌಸರ್ ಎಂಬ ತಂತ್ರಾಂಶದ ವಿಳಾಸಪಟ್ಟಿ, ಗುಂಡಿ, ಟ್ಯಾಬುಗಳ ಹೊರಕವಚದ ಹಿಂದೆ ಪುಟವನ್ನು ನಿಜವಾಗಿ ಮೂಡಿಸುವ ಭಾಗವೊಂದಿದ್ದು, ಅದನ್ನು ರೆಂಡರಿಂಗ್ ಎಂಜಿನ್ ಎಂದು ಕರೆಯುತ್ತಾರೆ. ಸರ್ವರಿನಿಂದ ಬರುವುದು ಬರಿಯ ಅಕ್ಷರಗಳ ಸಾಲು. ಎಂಜಿನ್ನು ಅದನ್ನು ಓದಿ, ಎಚ್‌ಟಿಎಂಎಲ್ ಟ್ಯಾಗುಗಳಲ್ಲಿ ಯಾವುದರೊಳಗೆ ಯಾವುದಿದೆಯೆಂದು ಗುರುತಿಸಿ, ಡಾಮ್ ಎಂಬ ಮರದಾಕಾರದ ರಚನೆಯೊಂದನ್ನು ಕಟ್ಟುತ್ತದೆ. ಬಣ್ಣ, ಅಳತೆ, ಅಂಚುಗಳನ್ನು ಹೇಳುವ ಸಿಎಸ್‌ಎಸ್ ನಿಯಮಗಳಲ್ಲಿ ಯಾವುದು ಯಾವ ಅಂಶಕ್ಕೆ ಅನ್ವಯಿಸುತ್ತದೆಂದು ತೀರ್ಮಾನಿಸುತ್ತದೆ. ಆಮೇಲೆ ಪ್ರತಿಯೊಂದು ಅಂಶಕ್ಕೂ ಪರದೆಯ ಮೇಲೆ ಇಷ್ಟು ಅಗಲ, ಇಷ್ಟು ಎತ್ತರ, ಇಂಥಲ್ಲಿ ಜಾಗ ಎಂದು ಲೆಕ್ಕ ಹಾಕುತ್ತದೆ, ಇದಕ್ಕೆ ಲೇಔಟ್ ಎಂದು ಹೆಸರು. ಕೊನೆಗೆ ಆ ಲೆಕ್ಕದ ಪ್ರಕಾರ ಬಣ್ಣ ತುಂಬುತ್ತದೆ. ಇಂದು ಕ್ರೋಮ್, ಸಫಾರಿ, ಎಡ್ಜ್, ಒಪೆರಾ ಎಂಬ ಬೇರೆ ಬೇರೆ ಹೆಸರಿನ ಬ್ರೌಸರ್‌ಗಳಲ್ಲಿ ಈ ಕೆಲಸ ಮಾಡುವ ಕೋಡು 1999ರ ಸುಮಾರಿಗೆ ಯುರೋಪಿನ ಕೆಲವು ಸ್ವಯಂಸೇವಕರು ಬರೆದ ಕೆಎಚ್‌ಟಿಎಂಎಲ್ ಎಂಬ ಒಂದೇ ಮೂಲದಿಂದ ಇಳಿದು ಬಂದದ್ದು. ಹೆಚ್ಚು ಬಳಕೆಯಲ್ಲಿರುವ ಬ್ರೌಸರ್‌ಗಳ ಪೈಕಿ ಈ ವಂಶಕ್ಕೆ ಸೇರದೆ ಉಳಿದಿರುವುದು ಫೈರ್‌ಫಾಕ್ಸ್ ಒಂದೇ ಎನ್ನಬಹುದು. ಈ ಸಂತತಿಯ ಇತಿಹಾಸವನ್ನು ಗಮನಿಸಿದರೆ, ಕೋಡಿನ ಹಣೆಬರಹವನ್ನು ನಿರ್ಧರಿಸಿದ್ದು ಅದನ್ನು ಯಾರು ಎಷ್ಟು ಚೆನ್ನಾಗಿ ಬರೆದರು ಎಂಬುದಕ್ಕಿಂತ, ಮಾಡಿದ ಬದಲಾವಣೆಯನ್ನು ಯಾವ ರೂಪದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು ಎಂಬುದೇ ಎಂದು ಕಾಣುತ್ತದೆ.

ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ 1990ರಲ್ಲಿ ಬರೆದ ಮೊದಲ ಬ್ರೌಸರಿಗಾಗಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ 1993ರಲ್ಲಿ ಹೊರತಂದ ಮೊಸಾಯಿಕ್‌ಗಾಗಲಿ ಎಂಜಿನ್ ಎಂಬ ಬೇರೆ ಭಾಗವಿದೆಯೆಂಬ ಕಲ್ಪನೆ ಸ್ಪಷ್ಟವಾಗಿರಲಿಲ್ಲ. ಆದರೆ ಆ ಕಾಲದ ಬ್ರೌಸರ್‌ಗಳು ಹಾಕಿಕೊಟ್ಟ ಒಂದು ರೂಢಿ ಮುಂದಿನ ಎಲ್ಲ ಎಂಜಿನ್ನುಗಳ ಮೇಲೂ ಹೇರಿಕೆಯಾಯಿತು: ಪುಟದಲ್ಲಿ ತಪ್ಪಿದ್ದರೆ ನಿಲ್ಲಿಸದೆ, ತೋಚಿದಂತೆ ಅರ್ಥಮಾಡಿಕೊಂಡು ತೋರಿಸುವುದು. 1994ರ ನೆಟ್‌ಸ್ಕೇಪ್ ನ್ಯಾವಿಗೇಟರ್ ಮತ್ತು 1995ರ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಮ್ಮ ತಮ್ಮ ರೀತಿಯಲ್ಲಿ ತಪ್ಪುಗಳನ್ನು ಸಹಿಸಿಕೊಂಡವು. ಪುಟ ಬರೆಯುವವರು ನಿಯಮಪುಸ್ತಕವನ್ನು ಬದಿಗಿಟ್ಟು, ತಮ್ಮ ಪರದೆಯ ಮೇಲೆ ಸರಿಯಾಗಿ ಕಂಡರೆ ಸಾಕೆಂದುಕೊಂಡರು. ಸಿಎಸ್‌ಎಸ್‌ನ ಮೊದಲ ನಿಯಮಾವಳಿ 1996ರ ಡಿಸೆಂಬರಿನಲ್ಲಿ ಪ್ರಕಟವಾದಾಗ ಪೆಟ್ಟಿಗೆಯ ಅಗಲವೆಂದರೆ ಒಳಗಿನ ವಸ್ತುವಿನ ಅಗಲ ಮಾತ್ರ ಎಂದು ಅದು ಹೇಳಿತ್ತು. ಮೈಕ್ರೋಸಾಫ್ಟಿನ ಎಂಜಿನ್ನು ಅಂಚನ್ನೂ ಒಳಜಾಗವನ್ನೂ ಸೇರಿಸಿ ಅಗಲವೆಂದಿತು. ಮೈಕ್ರೋಸಾಫ್ಟಿನ ಲೆಕ್ಕವೇ ಹೆಚ್ಚು ಸಹಜವೆಂದು ವಾದಿಸಲು ಅವಕಾಶವಿದೆ, ಸಿಎಸ್‌ಎಸ್ ಕೂಡ ಅದನ್ನು ಒಂದು ಆಯ್ಕೆಯಾಗಿ ಮುಂದೆ ಒಪ್ಪಿಕೊಂಡಿತು. ಆದರೆ ಅಷ್ಟರಲ್ಲಿ ಎರಡೂ ಲೆಕ್ಕವನ್ನು ನಂಬಿದ ಅಸಂಖ್ಯ ಪುಟಗಳು ಹುಟ್ಟಿಕೊಂಡಿದ್ದವು. 2000ದ ಮಾರ್ಚಿನಲ್ಲಿ ಮ್ಯಾಕಿಂಟಾಷ್‌ಗಾಗಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟದ ಮೊದಲ ಸಾಲಿನ ಘೋಷಣೆಯನ್ನು ನೋಡಿ, ಹಳೆಯ ಪುಟಕ್ಕೆ ಹಳೆಯ ತಪ್ಪು ಲೆಕ್ಕವನ್ನೂ ಹೊಸ ಪುಟಕ್ಕೆ ನಿಯಮದ ಲೆಕ್ಕವನ್ನೂ ಅನ್ವಯಿಸುವ ಉಪಾಯವನ್ನು ತಂದಿತು. ಹಳೆಯ ವಿಧಾನಕ್ಕೆ ಕ್ವರ್ಕ್ಸ್ ಮೋಡ್ ಎಂದು ಹೆಸರಾಯಿತು, ಅದು ಇಂದಿನ ಎಲ್ಲ ಎಂಜಿನ್ನುಗಳಲ್ಲೂ ಉಳಿದಿದೆ.

ನೆಟ್‌ಸ್ಕೇಪ್ ಸಂಸ್ಥೆ ಪೈಪೋಟಿಯಲ್ಲಿ ಸೋಲುತ್ತಿದ್ದಾಗ, 1998ರ ಮಾರ್ಚ್ 31ರಂದು ತನ್ನ ಬ್ರೌಸರಿನ ಮೂಲಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಹೊರಗಿನವರು ಅದನ್ನು ತೆರೆದು ನೋಡಿದಾಗ ಲೇಔಟ್ ಭಾಗವು ದುರಸ್ತಿಗೆ ಒಗ್ಗದಷ್ಟು ಸಿಕ್ಕಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಳೆಯದನ್ನು ಕೈಬಿಟ್ಟು, ಮುಂದೆ ಗೆಕ್ಕೊ ಎಂದು ಹೆಸರಾದ ಹೊಸ ಎಂಜಿನ್ನಿನ ಮೇಲೆಯೇ ಕಟ್ಟಬೇಕೆಂದು ತೀರ್ಮಾನವಾಯಿತು. ಗೆಕ್ಕೊ ಆಧಾರಿತ ನೆಟ್‌ಸ್ಕೇಪ್ 6 ಹೊರಬರುವ ವೇಳೆಗೆ 2000ದ ನವೆಂಬರ್ ಆಗಿತ್ತು, ಆ ತೆರೆದ ಕೋಡಿನ ಸುತ್ತ ಬೆಳೆದ ಮೊಜಿಲ್ಲಾ ಯೋಜನೆಯ 1.0 ಆವೃತ್ತಿ ಬಂದದ್ದು 2002ರ ಜೂನಿನಲ್ಲಿ. ಈ ವಿಳಂಬದ ಅವಧಿಯಲ್ಲೇ ಇನ್ನೊಂದು ಸಣ್ಣ ಎಂಜಿನ್ನು ಯಾರ ಗಮನಕ್ಕೂ ಬಾರದೆ ಬೆಳೆಯುತ್ತಿತ್ತು.

ಮಥಿಯಾಸ್ ಎಟ್ರಿಶ್ ಎಂಬ ಜರ್ಮನ್ ವಿದ್ಯಾರ್ಥಿ 1996ರಲ್ಲಿ ಆರಂಭಿಸಿದ ಕೆಡಿಇ ಯೋಜನೆಯು ಲಿನಕ್ಸ್ ಮುಂತಾದ ವ್ಯವಸ್ಥೆಗಳಿಗೆ ಜನಸಾಮಾನ್ಯರು ಬಳಸಬಹುದಾದ ಡೆಸ್ಕ್‌ಟಾಪ್ ಒದಗಿಸುವ ಉದ್ದೇಶದ್ದು. ಅದರ ಕಡತ ತೋರಿಸುವ ತಂತ್ರಾಂಶದಲ್ಲಿ ಎಚ್‌ಟಿಎಂಎಲ್ ಪುಟ ತೋರಿಸುವ ಸಣ್ಣ ಭಾಗವೊಂದಿತ್ತು. 1999ರಲ್ಲಿ ಲಾರ್ಸ್ ಕ್ನೋಲ್ ಮೊದಲಾದವರು ಅದನ್ನು ಡಾಮ್ ಮತ್ತು ಸಿಎಸ್‌ಎಸ್‌ಗಳ ತಳಹದಿಯ ಮೇಲೆ ಹೊಸದಾಗಿ ಬರೆದರು. ಹೀಗೆ ಸಿದ್ಧವಾದ ಕೆಎಚ್‌ಟಿಎಂಎಲ್, 2000ದ ಅಕ್ಟೋಬರಿನಲ್ಲಿ ಕೆಡಿಇ 2ರ ಜೊತೆಗೆ ಕಾಂಕರರ್ ಎಂಬ ಬ್ರೌಸರಿನಲ್ಲಿ ಬಳಕೆಗೆ ಬಂದಿತು. ಡಾಮ್ ಮರದ ಪಕ್ಕದಲ್ಲಿ ಪರದೆಯ ಮೇಲೆ ಕಾಣುವ ಅಂಶಗಳದೇ ಇನ್ನೊಂದು ಮರವನ್ನು ಕಟ್ಟಿ, ಲೇಔಟಿನ ಲೆಕ್ಕವನ್ನೆಲ್ಲ ಅದರ ಮೇಲೆ ನಡೆಸುವುದು ಅದರ ವಿನ್ಯಾಸವಾಗಿತ್ತು. ಆ ಎರಡನೆಯ ಮರದ ಗಂಟುಗಳಿಗೆ ರೆಂಡರ್ ಆಬ್ಜೆಕ್ಟ್ ಎಂದು ಹೆಸರಿಟ್ಟಿದ್ದರು. ಕೆಲವೇ ಜನ ಬಿಡುವಿನ ವೇಳೆಯಲ್ಲಿ ಬರೆದದ್ದಾದ್ದರಿಂದ ಕೋಡು ಚಿಕ್ಕದಾಗಿಯೂ ಒಬ್ಬನೇ ಓದಿ ಮುಗಿಸಬಹುದಾದಷ್ಟು ತಿಳಿಯಾಗಿಯೂ ಇತ್ತು. ಇದು ಕೊರತೆಯಿಂದ ಹುಟ್ಟಿದ ಗುಣ.

ಆಪಲ್ ಸಂಸ್ಥೆ 2001ರಲ್ಲಿ ಸ್ವಂತ ಬ್ರೌಸರ್ ಮಾಡಲು ಹೊರಟಾಗ ಆ ತಂಡದ ಮುಖ್ಯಸ್ಥರಾಗಿದ್ದ ಡಾನ್ ಮೆಲ್ಟನ್ ನೆಟ್‌ಸ್ಕೇಪಿನಲ್ಲಿ ದುಡಿದಿದ್ದವರು. ಆದ್ದರಿಂದ ಗೆಕ್ಕೊವನ್ನು ಆರಿಸುವರೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಮೊಜಿಲ್ಲಾ ಕೋಡನ್ನು ಮ್ಯಾಕ್‌ನಲ್ಲಿ ಕಟ್ಟಿ ನೋಡುವುದರಲ್ಲೇ ವಾರಗಳು ಕಳೆದವು; ಕೆಎಚ್‌ಟಿಎಂಎಲ್ ಮಾತ್ರ ಅಲ್ಪ ಕಾಲದಲ್ಲಿ ಮ್ಯಾಕ್‌ನ ಮೇಲೆ ಓಡಿತು. ಅದು ಟ್ರೋಲ್‌ಟೆಕ್ ಎಂಬ ನಾರ್ವೆಯ ಸಂಸ್ಥೆಯ ಕ್ಯೂಟಿ ಎಂಬ ತಂತ್ರಾಂಶ ಗ್ರಂಥಾಲಯವನ್ನು ಆಧರಿಸಿದ್ದರಿಂದ, ಆಪಲ್ ಎಂಜಿನಿಯರುಗಳು ಕ್ಯೂಟಿಯ ಹೆಸರುಗಳನ್ನೇ ಹೊತ್ತು ಒಳಗೆ ಮ್ಯಾಕ್‌ನ ಸೌಲಭ್ಯಗಳನ್ನು ಕರೆಯುವ ತೆಳುವಾದ ಪದರವೊಂದನ್ನು ಬರೆದು ನಡುವೆ ಸೇರಿಸಿದರು. 2003ರ ಜನವರಿ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಸಫಾರಿಯನ್ನು ಪ್ರಕಟಿಸಿದ ದಿನವೇ ಮೆಲ್ಟನ್ ಕೆಡಿಇ ಅಭಿವರ್ಧಕರಿಗೆ ಪತ್ರ ಬರೆದು, ಎಂಜಿನ್ನು ನಿಮ್ಮದೇ ಎಂದು ತಿಳಿಸಿದರು. 1,40,000 ಸಾಲಿಗಿಂತ ಕಡಿಮೆಯಿದ್ದ ಅದರ ಗಾತ್ರವೇ ಆಯ್ಕೆಗೆ ಒಂದು ಕಾರಣವೆಂಬುದು ಆ ಪತ್ರದಲ್ಲಿತ್ತು. ಒಂದೂವರೆ ವರ್ಷ ತಮ್ಮ ಕೋಡು ಗುಟ್ಟಾಗಿ ಬೇರೆ ಕೈಯಲ್ಲಿ ಬೆಳೆಯುತ್ತಿತ್ತೆಂದು ಕೆಡಿಇಯವರಿಗೆ ತಿಳಿದದ್ದು ಆಗಲೇ.

ಕೆಎಚ್‌ಟಿಎಂಎಲ್‌ನ ಎಲ್‌ಜಿಪಿಎಲ್ ಎಂಬ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಕೋಡನ್ನು ಒಯ್ದು ಮಾರಾಟದ ತಂತ್ರಾಂಶದೊಳಗೂ ಬಳಸಬಹುದಾದರೂ, ಕೋಡಿನಲ್ಲಿಯೇ ಮಾಡಿದ ಬದಲಾವಣೆಗಳನ್ನು ಬಹಿರಂಗಗೊಳಿಸಬೇಕಾಗುತ್ತದೆ. ಆಪಲ್ ಈ ಷರತ್ತನ್ನು ಅಕ್ಷರಶಃ ಪಾಲಿಸಿತು. ಪ್ರತಿ ಬಿಡುಗಡೆಯೊಂದಿಗೆ ವೆಬ್‌ಕೋರ್ ಎಂಬ ಹೆಸರಿನಲ್ಲಿ ಇಡೀ ಕೋಡಿನ ಗಂಟನ್ನು ಹೊರಗಿಡುತ್ತಿತ್ತು. ಆದರೆ ಯಾವ ಬದಲಾವಣೆ ಯಾವ ದೋಷ ಸರಿಪಡಿಸಲು, ಯಾವಾಗ, ಯಾವ ಕಾರಣಕ್ಕೆ ನಡೆಯಿತೆಂಬ ದಾಖಲೆ ಸಂಸ್ಥೆಯ ಒಳಗೇ ಉಳಿಯುತ್ತಿತ್ತು. ತಿಂಗಳುಗಟ್ಟಲೆ ನಡೆದ ನೂರಾರು ತಿದ್ದುಪಡಿಗಳು ಒಂದರೊಳಗೊಂದು ಹೆಣೆದುಕೊಂಡು, ಮ್ಯಾಕ್‌ಗೆ ಮಾತ್ರ ಅರ್ಥವಾಗುವ ಕರೆಗಳೊಡನೆ ಬಂದಾಗ, ಕಾಂಕರರ್‌ಗೆ ಬೇಕಾದ ಒಂದೇ ಒಂದು ತಿದ್ದುಪಡಿಯನ್ನು ಅದರಿಂದ ಬಿಡಿಸಿಕೊಳ್ಳುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟವಾಗುತ್ತಿತ್ತು. ಅಭಿವರ್ಧಕರ ಭಾಷೆಯಲ್ಲಿ ಪ್ಯಾಚ್ ಎಂದರೆ ಒಂದು ಉದ್ದೇಶಕ್ಕೆ ಮಾಡಿದ ಒಂದು ಚಿಕ್ಕ ಬದಲಾವಣೆ; ಓದುವವನು ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ತಿದ್ದಿ ಎಂದು ಹಿಂದಕ್ಕೆ ಕಳಿಸಬಹುದು. ಗಂಟಿನ ರೂಪದ ಕೋಡಿಗೆ ಇದಾವುದೂ ಸಾಧ್ಯವಿಲ್ಲ. ಪರವಾನಗಿಯು ಕೋಡನ್ನು ಕೊಡಿಸಬಲ್ಲದೇ ಹೊರತು ಅದರ ಹಿಂದಿನ ವಿವೇಚನೆಯನ್ನು ಕೊಡಿಸಲಾರದು ಎಂಬುದು ಈ ಹಂತದಲ್ಲಿ ಸ್ಪಷ್ಟವಾಯಿತು.

ಅಸಮಾಧಾನ ಬಹಿರಂಗವಾದದ್ದು 2005ರ ಏಪ್ರಿಲಿನಲ್ಲಿ. ಎಂಜಿನ್ನುಗಳು ಸಿಎಸ್‌ಎಸ್ ನಿಯಮಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತವೆಂದು ತೋರಿಸಲು ಇಯಾನ್ ಹಿಕ್ಸನ್ ರಚಿಸಿದ ಆಸಿಡ್2 ಎಂಬ ಪರೀಕ್ಷಾಪುಟ ಅದೇ ತಿಂಗಳು ಪ್ರಕಟವಾಗಿತ್ತು. ನಿಯಮಗಳೆಲ್ಲ ಸರಿಯಾಗಿದ್ದರೆ ಪರದೆಯ ಮೇಲೆ ನಗುಮುಖವೊಂದು ಮೂಡಬೇಕು, ಎಲ್ಲಾದರೂ ತಪ್ಪಿದರೆ ಮುಖ ಕೆಡಬೇಕು. ಮೊಜಿಲ್ಲಾದಿಂದ ಆಪಲ್‌ಗೆ ಬಂದಿದ್ದ ಡೇವ್ ಹಯಟ್ ಕೆಲವೇ ವಾರಗಳಲ್ಲಿ ಸಫಾರಿಯ ಎಂಜಿನ್ನಿನಲ್ಲಿ ಆ ಮುಖವನ್ನು ಸರಿಯಾಗಿ ಮೂಡಿಸಿದಾಗ, ಕಾಂಕರರ್ ಬಳಕೆದಾರರು ತಮಗೂ ಅದು ಬಂದೇ ಬರುತ್ತದೆಂದು ಭಾವಿಸಿದರು. ಹಾಗೆ ತಾನಾಗಿ ಬರುವುದಿಲ್ಲವೆಂದು ಕೆಡಿಇ ಅಭಿವರ್ಧಕರು ಖಾರವಾಗಿಯೇ ವಿವರಿಸಬೇಕಾಯಿತು. ಕಾಂಕರರ್ ಕೂಡ ಬಹುಬೇಗ ಪರೀಕ್ಷೆಯನ್ನು ದಾಟಿತೆಂಬುದು ನಿಜ. ಆದರೆ ಜಗಳದ ನಿಜವಾದ ಫಲ ಬೇರೆ. 2005ರ ಜೂನ್ 7ರಂದು ಆಪಲ್ ವೆಬ್‌ಕೋರ್ ಅನ್ನು ಒಳಗೊಂಡ ವೆಬ್‌ಕಿಟ್ ಎಂಬ ಯೋಜನೆಯನ್ನು ಸಾರ್ವಜನಿಕಗೊಳಿಸಿ, ಕೋಡಿನ ದಿನದಿನದ ಬದಲಾವಣೆಗಳನ್ನೂ ದೋಷಗಳ ದಾಖಲೆಪುಸ್ತಕವಾದ ಬಗ್‌ಜಿಲ್ಲಾವನ್ನೂ ಎಲ್ಲರಿಗೂ ತೆರೆಯಿತು. ಕೆಡಿಇಗೆ ಇದರಿಂದ ದಕ್ಕಿದ್ದು ಕಡಿಮೆ, ಏಕೆಂದರೆ ಎರಡು ಕವಲುಗಳು ಆಗಲೇ ದೂರ ಸರಿದಿದ್ದವು. ಲಾಭ ಪಡೆದವರು ಆಮೇಲೆ ಬಂದ ನೋಕಿಯಾ, ಗೂಗಲ್, ಸ್ಯಾಮ್‌ಸಂಗ್‌ಗಳು.

ವೆಬ್‌ಕಿಟ್‌ನಲ್ಲಿ ಆಗ ನೆಲೆಗೊಂಡ ಕೆಲಸದ ಪದ್ಧತಿ ಅದರ ಕೋಡಿಗಿಂತ ಹೆಚ್ಚು ಕಾಲ ಬಾಳಿತು ಎನ್ನಬೇಕು. ಯಾವ ಬದಲಾವಣೆಯೂ ಬಗ್‌ಜಿಲ್ಲಾದ ಒಂದು ದೋಷಸಂಖ್ಯೆಯೊಡನೆ ಬರಬೇಕು, ರಿವ್ಯೂವರ್ ಎಂಬ ಅಧಿಕಾರವುಳ್ಳ ಇನ್ನೊಬ್ಬ ಅಭಿವರ್ಧಕ ಅದನ್ನು ಓದಿ ಒಪ್ಪಬೇಕು, ಮತ್ತು ಆ ದೋಷ ಮರುಕಳಿಸಿದರೆ ಹಿಡಿದುಕೊಡುವ ಪರೀಕ್ಷಾಪುಟವೊಂದು ಜೊತೆಗಿರಬೇಕು. ಈ ಪರೀಕ್ಷೆಗಳನ್ನು ನಡೆಸಲು ರೆಂಡರ್ ಮರವನ್ನೇ ಪಠ್ಯವಾಗಿ ಬರೆದಿಡುವ ಡಂಪ್‌ರೆಂಡರ್‌ಟ್ರೀ ಎಂಬ ಸಾಧನವಿತ್ತು: ಈ ಪೆಟ್ಟಿಗೆ ಇಂಥಲ್ಲಿ, ಇಷ್ಟು ಅಗಲ, ಇಷ್ಟು ಎತ್ತರ ಎಂದು ಸಾಲುಸಾಲಾಗಿ ಮುದ್ರಿಸಿ, ಮೊದಲೇ ಉಳಿಸಿಟ್ಟ ಉತ್ತರದೊಡನೆ ಹೋಲಿಸುತ್ತಿತ್ತು. ಇದರಲ್ಲೊಂದು ತೊಡಕಿತ್ತು. ಫಾಂಟು ಬದಲಾದರೆ ಅಕ್ಷರದ ಅಗಲವೂ, ಅದರೊಂದಿಗೆ ಪೆಟ್ಟಿಗೆಯ ಅಳತೆಯೂ ಬದಲಾಗುವುದರಿಂದ, ಮ್ಯಾಕ್‌ನಲ್ಲಿ ಸರಿಯಾದ ಉತ್ತರ ಲಿನಕ್ಸ್‌ನಲ್ಲಿ ತಪ್ಪಾಗಿ ಕಾಣುತ್ತಿತ್ತು. ಹೀಗಾಗಿ ಒಂದೇ ಪರೀಕ್ಷೆಗೆ ವೇದಿಕೆಗೊಂದರಂತೆ ಉತ್ತರಗಳು ಬೆಳೆದು, ಅವುಗಳನ್ನು ಸಂಭಾಳಿಸುವುದೇ ದೊಡ್ಡ ಕೆಲಸವಾಯಿತು. ಮೊಜಿಲ್ಲಾದಲ್ಲಿ ಡೇವಿಡ್ ಬ್ಯಾರನ್ ಮುಂತಾದವರು ರೂಢಿಗೆ ತಂದ ರೆಫ್‌ಟೆಸ್ಟ್ ವಿಧಾನ ಇದಕ್ಕಿಂತ ಜಾಣತನದ್ದು. ಅದರಲ್ಲಿ ಉತ್ತರವನ್ನು ಉಳಿಸಿಡುವ ಬದಲು ಎರಡು ಪುಟಗಳನ್ನು ಬರೆಯುತ್ತಾರೆ, ಒಂದು ಪರೀಕ್ಷಿಸಬೇಕಾದ ಸೌಲಭ್ಯವನ್ನು ಬಳಸಿದ್ದು, ಇನ್ನೊಂದು ಅದೇ ನೋಟವನ್ನು ಸರಳ ಮಾರ್ಗದಿಂದ ಮೂಡಿಸಿದ್ದು. ಎರಡರ ಚಿತ್ರವೂ ಚುಕ್ಕೆಚುಕ್ಕೆಗೂ ಹೊಂದಿದರೆ ಪರೀಕ್ಷೆ ಗೆದ್ದಂತೆ, ಫಾಂಟು ಯಾವುದಿದ್ದರೂ ಚಿಂತೆಯಿಲ್ಲ. ಎಂಜಿನ್ನಿಗೆ ಅಂಟಿಕೊಳ್ಳದ ಈ ಬಗೆಯ ಪರೀಕ್ಷೆಗಳೇ ಮುಂದೆ ಎಲ್ಲ ಬ್ರೌಸರ್ ತಯಾರಕರೂ ಹಂಚಿಕೊಳ್ಳುವ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಸಂಗ್ರಹಕ್ಕೆ ಹಾದಿ ಮಾಡಿಕೊಟ್ಟವು.

ಎಂಜಿನ್ನಿನ ಒಳಗನ್ನು ಹೊರಗಿನ ಪುಟ ಬರೆಯುವವರಿಗೂ ತೋರಿಸಿದ ಸಾಧನಗಳು ಇದೇ ಕಾಲದವು. ಜೋ ಹ್ಯೂಯಿಟ್ 2006ರ ಜನವರಿಯಲ್ಲಿ ಫೈರ್‌ಫಾಕ್ಸ್‌ಗಾಗಿ ಹೊರತಂದ ಫೈರ್‌ಬಗ್ ಮತ್ತು ಅದೇ ತಿಂಗಳು ವೆಬ್‌ಕಿಟ್‌ನಲ್ಲಿ ಕಾಣಿಸಿಕೊಂಡ ವೆಬ್ ಇನ್‌ಸ್ಪೆಕ್ಟರ್ ಬರುವ ಮುನ್ನ, ಒಂದು ಅಂಶಕ್ಕೆ ಯಾವ ನಿಯಮ ಅನ್ವಯಿಸಿದೆಯೆಂದು ತಿಳಿಯಲು ಅಂಚಿಗೆ ಕೆಂಪು ಬಣ್ಣ ಹಚ್ಚಿ ನೋಡುವಂಥ ಉಪಾಯಗಳೇ ಹೆಚ್ಚಿನವರಿಗೆ ಗತಿಯಾಗಿದ್ದವು.

ಗೂಗಲ್ 2008ರ ಸೆಪ್ಟೆಂಬರ್ 2ರಂದು ಕ್ರೋಮ್ ಹೊರತಂದಾಗ ಅದರ ಎಂಜಿನ್ನೂ ವೆಬ್‌ಕಿಟ್ ಆಗಿತ್ತು. ಆದರೆ ಪ್ರತಿ ಟ್ಯಾಬನ್ನೂ ಬೇರೆ ಪ್ರೊಸೆಸ್‌ನಲ್ಲಿ ನಡೆಸಿ, ಒಂದು ಪುಟ ಕುಸಿದರೂ ಉಳಿದವು ನಿಲ್ಲುವಂತೆ ಮಾಡುವ ವ್ಯವಸ್ಥೆಯನ್ನು ಗೂಗಲ್ ಎಂಜಿನ್ನಿನ ಹೊರಗೆ ಕಟ್ಟಿತ್ತು. ಆಪಲ್ 2010ರ ಏಪ್ರಿಲಿನಲ್ಲಿ ವೆಬ್‌ಕಿಟ್2 ಎಂಬ ಹೆಸರಿನಲ್ಲಿ ಅದೇ ಬಗೆಯ ವ್ಯವಸ್ಥೆಯನ್ನು ಎಂಜಿನ್ನಿನ ಒಳಗೆ ತನ್ನದೇ ರೀತಿಯಲ್ಲಿ ರಚಿಸಿದ ಮೇಲೆ, ಒಂದೇ ಕೋಡು ಎರಡು ಬಗೆಯ ಸಂಸಾರವನ್ನು ನಡೆಸಬೇಕಾಯಿತು. 2013ರ ಏಪ್ರಿಲ್ 3ರಂದು ಗೂಗಲ್ ಬ್ಲಿಂಕ್ ಎಂಬ ಹೆಸರಿನಲ್ಲಿ ಬೇರೆಯಾದಾಗ, ತಮಗೆ ಬೇಡದ 7 ಬಿಲ್ಡ್ ವ್ಯವಸ್ಥೆಗಳನ್ನೂ 7,000ಕ್ಕೂ ಹೆಚ್ಚು ಕಡತಗಳನ್ನೂ, ಅಂದರೆ 45 ಲಕ್ಷಕ್ಕೂ ಮಿಕ್ಕಿದ ಸಾಲುಗಳನ್ನೂ ಕೂಡಲೇ ತೆಗೆಯಬಹುದೆಂದು ಅಂದಾಜು ಮಾಡಿತ್ತು. ಒಂದು ದಶಕದ ಹಿಂದೆ ಚಿಕ್ಕದೆಂಬ ಕಾರಣಕ್ಕೆ ಆಯ್ಕೆಯಾದ ಕೋಡಿನ ಸ್ಥಿತಿಯಿದು. ಅದೇ ವರ್ಷದ ಫೆಬ್ರುವರಿಯಲ್ಲಿ ಒಪೆರಾ ತನ್ನ ಸ್ವಂತ ಎಂಜಿನ್ನಾದ ಪ್ರೆಸ್ಟೊವನ್ನು ಬಿಟ್ಟುಕೊಟ್ಟಿತ್ತು, 2018ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟೂ ತನ್ನದನ್ನು ಬಿಟ್ಟು ಬ್ಲಿಂಕ್ ಕಡೆಗೆ ಬರುವುದಾಗಿ ಪ್ರಕಟಿಸಿತು. ಕೆಡಿಇ ಕೂಡ 2024ರ ತನ್ನ ಆರನೆಯ ಫ್ರೇಮ್‌ವರ್ಕ್ಸ್ ಆವೃತ್ತಿಯಲ್ಲಿ ಕೆಎಚ್‌ಟಿಎಂಎಲ್ ಅನ್ನು ಕೈಬಿಟ್ಟಿದೆ, ಕಾಂಕರರ್ ಈಗ ಪುಟ ತೋರಿಸುವುದು ಕ್ಯೂಟಿಯ ಮೂಲಕ ಬರುವ ಬ್ಲಿಂಕ್‌ನಿಂದ. ಕ್ರೋಮ್ ಪ್ರತಿ ಸರ್ವರಿಗೂ ತನ್ನನ್ನು ಪರಿಚಯಿಸಿಕೊಳ್ಳುವ ಸಾಲಿನಲ್ಲಿ ಮಾತ್ರ ಕೆಎಚ್‌ಟಿಎಂಎಲ್ ಮತ್ತು ಗೆಕ್ಕೊ ಎರಡರ ಹೆಸರೂ ಇಂದಿಗೂ ಇವೆ, ಏಕೆಂದರೆ ಆ ಹೆಸರುಗಳನ್ನು ಹುಡುಕುವ ಹಳೆಯ ಪುಟಗಳು ಎಲ್ಲೋ ಇನ್ನೂ ಇರಬಹುದೆಂಬ ಭಯ.

ಈ ವಂಶಾವಳಿಯಲ್ಲಿ ಕನ್ನಡಕ್ಕೆ ದೊರೆತ ಸ್ಥಾನವನ್ನು ಬೇರೆಯಾಗಿಯೇ ನೋಡಬೇಕು. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ 'ವಿಶ್ವ ಕನ್ನಡ'ದಂಥ ಮೊದಲ ಜಾಲಪತ್ರಿಕೆಗಳ ಕಾಲದಲ್ಲಿ ಎಂಜಿನ್ನುಗಳಿಗೆ ಕನ್ನಡ ಎಂಬುದೊಂದಿದೆಯೆಂದೇ ತಿಳಿದಿರಲಿಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನಿಟ್ಟ ಫಾಂಟುಗಳನ್ನು ಓದುಗರು ಇಳಿಸಿಕೊಳ್ಳಬೇಕಿತ್ತು, ಎಂಜಿನ್ನು ತಾನು ಅರ್ಥವಿಲ್ಲದ ಇಂಗ್ಲಿಷನ್ನು ಜೋಡಿಸುತ್ತಿದ್ದೇನೆಂದೇ ತಿಳಿದಿರುತ್ತಿತ್ತು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸಂಕೇತಗಳನ್ನು ಕೊಟ್ಟಿದ್ದರೂ ಸಂಕೇತ ಮಾತ್ರದಿಂದ ಅಕ್ಷರ ಮೂಡುವುದಿಲ್ಲ. 'ಧರ್ಮ' ಎಂಬ ಪದದಲ್ಲಿ ಸಂಕೇತಗಳಾಗಿ ಇರುವುದು ಧ, ರ, ಹಲಂತದ ಚಿಹ್ನೆ, ಮ ಎಂಬ ಕ್ರಮ. ಪರದೆಯ ಮೇಲೆ ಮಕಾರ ಮೊದಲು ಬಂದು, ರೇಫವು ಅರ್ಕಾವೊತ್ತಾಗಿ ಅದರ ಬಲಕ್ಕೆ ಸರಿಯಬೇಕು. 'ರ‍್ಯಾಂಕ್' ಎಂದು ಬರೆಯಬೇಕಾದಾಗ ಅರ್ಕಾವೊತ್ತು ಆಗಬಾರದೆಂದು ಸೂಚಿಸಲು ಕಣ್ಣಿಗೆ ಕಾಣದ ಇನ್ನೊಂದು ಸಂಕೇತವನ್ನು ಹಲಂತಕ್ಕೆ ಮುಂಚೆ ಸೇರಿಸಬೇಕು. ಸಂಕೇತಗಳ ಸಾಲನ್ನು ಹೀಗೆ ಅಕ್ಷರರೂಪಗಳಾಗಿ ಜೋಡಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು.

ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಿಂದ ಯೂನಿಸ್ಕ್ರೈಬ್ ಎಂಬ ಭಾಗವೂ ತುಂಗಾ ಫಾಂಟೂ ಈ ಕೆಲಸ ಮಾಡುತ್ತಿದ್ದವು. ಆದರೆ ವೆಬ್‌ಕಿಟ್ ಪಠ್ಯಕ್ಕೆ ಎರಡು ದಾರಿಗಳನ್ನಿಟ್ಟಿತ್ತು: ಒಂದು ಸಂಕೇತಕ್ಕೆ ಒಂದು ರೂಪವೆಂದು ಅಗಲಗಳನ್ನು ಕೂಡಿಸುತ್ತ ಹೋಗುವ ಸರಳವಾದ ವೇಗದ ದಾರಿ, ಮತ್ತು ಶೇಪಿಂಗ್ ಬೇಕಾದ ಲಿಪಿಗಳಿಗೆ ಜಟಿಲವೆಂದು ಹೆಸರಿಟ್ಟ ನಿಧಾನದ ದಾರಿ. ಸಂಕೇತದ ಸಂಖ್ಯೆಯನ್ನು ನೋಡಿ ದಾರಿ ಆರಿಸುವ ತುಂಡು ಕೋಡಿನಲ್ಲಿ, ಅರಬ್ಬಿಯಿಂದ ಬರ್ಮೀಸ್‌ವರೆಗಿನ ಎಲ್ಲ ಲಿಪಿಗಳೂ ಒಂದೇ ವ್ಯಾಪ್ತಿಯಾಗಿ ಎರಡನೆಯದಕ್ಕೆ ಬಿದ್ದಿದ್ದವು. ಇದರಲ್ಲಿ ತಿರಸ್ಕಾರವನ್ನು ಕಾಣಬೇಕಿಲ್ಲ, ಪುಟ ತೆರೆಯುವ ವೇಗವನ್ನೇ ಪ್ರತಿ ಬದಲಾವಣೆಗೂ ಅಳತೆಗೋಲಾಗಿಟ್ಟುಕೊಂಡ ಯೋಜನೆಯಲ್ಲಿ ಅದು ಸಹಜವಾದ ಆಯ್ಕೆ. ಆದರೂ ಕಡಿಮೆ ಜನ ನಡೆಯುವ ದಾರಿಯಲ್ಲಿ ಗುಂಡಿಗಳು ಹೆಚ್ಚು ಕಾಲ ಉಳಿಯುತ್ತವೆ.

ಈ ಸ್ಥಿತಿಯನ್ನು ಬದಲಿಸಿದ ಹಾರ್ಫ್‌ಬಝ್ ಎಂಬ ಶೇಪಿಂಗ್ ಗ್ರಂಥಾಲಯದ ಮೂಲವೂ ಕೈಬದಲಾವಣೆಯ ಕಥೆಯೇ. ಫಾಂಟುಗಳನ್ನು ಓದಿ ಅಕ್ಷರ ಮೂಡಿಸುವ ಫ್ರೀಟೈಪ್ ಯೋಜನೆಯ ಹಳೆಯ ಕೋಡೊಂದನ್ನು, ನೋಮ್ ಎಂಬ ಡೆಸ್ಕ್‌ಟಾಪಿನ ಪಠ್ಯಗ್ರಂಥಾಲಯವಾದ ಪ್ಯಾಂಗೋ ಮತ್ತು ಕ್ಯೂಟಿಗಳು ಬೇರೆ ಬೇರೆಯಾಗಿ ಒಯ್ದು ಬೆಳೆಸಿದ್ದವು. ಕ್ಯೂಟಿಯಲ್ಲಿ ಭಾರತೀಯ ಲಿಪಿಗಳ ಶೇಪಿಂಗ್ ಮೇಲೆ ಕೆಲಸ ಮಾಡಿದವನು ಕೆಎಚ್‌ಟಿಎಂಎಲ್‌ನ ಅದೇ ಲಾರ್ಸ್ ಕ್ನೋಲ್. ಆ ಕವಲುಗಳು ಒಂದಾದ ಮೇಲೆ ಬೆಹ್ದಾದ್ ಇಸ್ಫಹಬೋದ್ ಅದನ್ನು ಮೊದಲಿನಿಂದ ಬರೆದನು. ಭಾರತೀಯ ಲಿಪಿಗಳಿಗೆ ಶೇಪಿಂಗ್‌ನ ಪೂರ್ಣ ನಿಯಮಾವಳಿಯೆಂಬುದು ಎಲ್ಲೂ ಬರೆದಿಟ್ಟಿರಲಿಲ್ಲವಾದ್ದರಿಂದ, ಒಳಗೇನಿದೆಯೆಂದು ಕಾಣದ ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಹೇಗೆ ಜೋಡಿಸುತ್ತದೋ ಅದನ್ನೇ ಪ್ರಮಾಣವೆಂದು ಹಿಡಿದು, 2012ರ ಸುಮಾರಿಗೆ ಪ್ರತಿ ಭಾಷೆಯ ವಿಕಿಪೀಡಿಯದಿಂದ ಪಡೆದ ಪದಗಳನ್ನು ಎರಡರಲ್ಲೂ ಓಡಿಸಿ ಹೋಲಿಸಿದರು. ಕನ್ನಡದ ಪಾಲಿಗೆ ಬಂದ ಪದಗಳು 9.5 ಲಕ್ಷಕ್ಕೂ ಹೆಚ್ಚು. ಕೋಡಿನ ಹಲವು ಬದಲಾವಣೆಗಳ ಟಿಪ್ಪಣಿಯಲ್ಲಿ ಹೊಂದದೆ ಉಳಿದ ಪದಗಳ ಸಂಖ್ಯೆಯನ್ನು ನಮೂದಿಸುತ್ತಿದ್ದರು, ಅದು ಕೊನೆಗೆ ನೂರಕ್ಕೆ ಒಂದಕ್ಕಿಂತ ಬಹಳ ಕೆಳಗಿಳಿಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದವರು ತಮಗೆ ತಿಳಿಯದೆಯೇ ಬ್ರೌಸರ್ ಎಂಜಿನ್ನಿಗೆ ಪರೀಕ್ಷೆ ಒದಗಿಸಿದಂತಾಯಿತು. ಫೈರ್‌ಫಾಕ್ಸೂ ಕ್ರೋಮೂ ಹಾರ್ಫ್‌ಬಝ್ ಅನ್ನೇ ಬಳಸತೊಡಗಿದವು. ವೆಬ್‌ಕಿಟ್‌ನಿಂದ ಬೇರೆಯಾದ ಮೇಲೆ ಬ್ಲಿಂಕ್ ತನ್ನ ಸರಳ ದಾರಿಯನ್ನು ಮುಚ್ಚಿ, ಇಂಗ್ಲಿಷೂ ಸೇರಿದಂತೆ ಎಲ್ಲ ಪಠ್ಯವನ್ನೂ ಜಟಿಲವೆನಿಸಿದ್ದ ದಾರಿಯಲ್ಲೇ ಕಳಿಸುವ ನಿರ್ಧಾರಕ್ಕೆ ಬಂದಿತು.

ಅಕ್ಷರ ಸರಿಯಾಗಿ ಮೂಡಿದ ಮೇಲೂ, ಒಂದು ಅಕ್ಷರ ಎಲ್ಲಿಗೆ ಮುಗಿಯಿತೆಂಬ ಪ್ರಶ್ನೆ ಉಳಿಯುತ್ತದೆ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದಾಗಿಸುವಾಗ, ಅಕ್ಷರಗಳ ನಡುವೆ ಅಂತರ ಹೆಚ್ಚಿಸುವಾಗ, ಕರ್ಸರನ್ನು ಸರಿಸುವಾಗ ಎಂಜಿನ್ನು ಅದಕ್ಕೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ, ಬಹುಮಟ್ಟಿಗೆ ಯೂನಿಕೋಡಿನ ವಿಭಜನಾ ನಿಯಮಗಳನ್ನೇ ನೆಚ್ಚಬೇಕಾಗುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಎಣಿಸುವ ಹೊಸ ನಿಯಮವನ್ನು ಯೂನಿಕೋಡ್ ಸೇರಿಸಿತು, ಅದು ಅನ್ವಯಿಸುವ ಲಿಪಿಗಳಾಗಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂಗಳನ್ನು ಹೆಸರಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹಾಗಾಗಿ ಆ ನಿಯಮದ ಲೆಕ್ಕದಲ್ಲಿ ತೆಲುಗಿನ ಸ್ತಕಾರ ಒಂದು ಘಟಕ, ಕನ್ನಡದ 'ಸ್ತ' ಎರಡು.